ಒಂದೀಟು ಕೈ ಹಚ್ರಿ

ಗ್ರೇಸ್ ಅಕ್ಕೋರು ಮೂವತ್ತಮೂರು ವರ್ಷ ಮಕ್ಕಳ ಟಿ.ಸಿ. ಮೇಲೆ ‘ನಡತೆ: ಉತ್ತಮ’ ಎಂದು ಬರೆದು ಸಹಿ ಮಾಡಿದವರು. ಶಾಲೆಯ ಗಂಟೆಯನ್ನೇ ಬಿಚ್ಚಿಕೊಂಡು ಹೋಗಿ ಪೇರಲಹಣ್ಣಿಗೆ ಮಾರಿದ ಹುಡುಗನಿಗೂ ಅದನ್ನೇ ಬರೆದುಕೊಟ್ಟರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರದೇ ನಡತೆಯ ಪ್ರಶ್ನೆ ಎದ್ದಾಗ ಮಾತ್ರ ಆ ಎರಡು ಶಬ್ದ ಬರೆದುಕೊಡುವವರು ಒಬ್ಬರೂ ಸಿಗಲಿಲ್ಲ. ಮೂಳೆ ಡಾಕ್ಟರು ‘ನಡೆಯಬಹುದು’ ಎಂದು ಬರೆದಿದ್ದರು, ಅಷ್ಟೆ. ನಡೆಯಬಹುದು ಎಂಬಲ್ಲಿಂದ ನಡೆಯುತ್ತಾರೆ ಎಂಬಲ್ಲಿಗೆ ಎಷ್ಟು ದೂರ ಎಂಬುದನ್ನು ಇಡೀ ಜನ್ಮ ಕನ್ನಡ ಕಲಿಸಿದ ಅಕ್ಕೋರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದದ್ದು ಇಷ್ಟು. ಹಿಂದಿನ ವರ್ಷ ಜನವರಿಯ ಮೊದಲ ವಾರ, ಕೇಶ್ವಾಪುರದ ಮನೆಯ ಬಾಗಿಲಿಗೆ ಕ್ರಿಸ್‌ಮಸ್ಸಿಗೆಂದು ತೂಗುಹಾಕಿದ್ದ ಕಾಗದದ ನಕ್ಷತ್ರ ಇಳಿಸುವುದಿತ್ತು. ಮಗಳು ಕರುಣಾ ಒಳಗೇ ಇದ್ದಳು. ಒಂದು ಕೂಗು ಹಾಕಿದ್ದರೆ ಬರುತ್ತಿದ್ದಳು. ಅಕ್ಕೋರು ಕೂಗಲಿಲ್ಲ, ಸ್ಟೂಲು ಹತ್ತಿದರು. ನಕ್ಷತ್ರ ಮೇಲೆಯೇ ಉಳಿಯಿತು, ಅಕ್ಕೋರು ಉದುರಿದರು. ಸೊಂಟದ ಕೀಲು ಮುರಿದು, ಹೊಸ ಕೀಲು ಕೂಡಿಸಿ, ವಾಕರ್ ಹಿಡಿದು, ವಾಕರ್ ಬಿಟ್ಟು ಕೋಲು ಹಿಡಿಯುವಷ್ಟರಲ್ಲಿ ವರ್ಷವೇ ತಿರುಗಿತು. ಕೀಲು ಬಂತು, ಕಾಲೂ ಬಂತು, ಧೈರ್ಯ ಬರಲಿಲ್ಲ. ಮನೆಯೊಳಗೆ ಗೋಡೆಯ ಗೆಳೆತನ ಇರುವ ತನಕ ಎಲ್ಲ ಸರಿ. ಬಯಲಿಗೆ ಬಿದ್ದರೆ ಹತ್ತು ಹೆಜ್ಜೆಗೆ ಕಣ್ಣು ನೆಲಕ್ಕೆ ಅಂಟಿಕೊಳ್ಳುತ್ತಿತ್ತು, ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು, ಕಾಲು ಅಲ್ಲೇ ಪೂರ್ಣವಿರಾಮ ಇಡುತ್ತಿತ್ತು.

ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಯಾರ ದನಿಯನ್ನಾದರೂ ಎತ್ತಿ ತನ್ನ ಗಂಟಲಿಗೆ ಹಾಕಿಕೊಳ್ಳುವುದು ಅಕ್ಕೋರ ಹುಟ್ಟುಗುಣ. ಹಾಸಿಗೆಯಲ್ಲಿ ಮಲಗಿದಲ್ಲೇ ಡಾಕ್ಟರಾಗಿ ತಮಗೆ ತಾವೇ ಧೈರ್ಯ ಹೇಳಿಕೊಂಡರು. ನೋಡಲು ಬಂದು ಮುಕ್ಕಾಲು ಗಂಟೆ ಪ್ರಾರ್ಥನೆ ಮಾಡಿದ ಸಭಾಪಾಲಕರು ಗೇಟು ದಾಟುವ ಮೊದಲೇ ಅವರದೇ ದನಿಯಲ್ಲಿ ‘ಆಮೆನ್’ ಹೇಳಿ, ಹೊರಟವರು ಹಿಂತಿರುಗಿ ನೋಡುವಂತೆ ಮಾಡಿದರು. ಆದರೆ ಇಷ್ಟೆಲ್ಲ ದನಿಗಳ ಒಡತಿಗೆ ಒಂದು ಮಾತು ಮಾತ್ರ ಯಾವ ದನಿಯಲ್ಲೂ ಬರುತ್ತಿರಲಿಲ್ಲ. ಅದು ‘ಸ್ವಲ್ಪ ಹಿಡಿ’ ಎಂಬ ಮಾತು. ಕರುಣಾ ತಾನಾಗಿ ತೋಳು ಹಿಡಿದರೆ ಕೊಡವಿಕೊಳ್ಳುತ್ತಿದ್ದರು.

ಈ ಸಲದ ಕ್ರಿಸ್‌ಮಸ್ಸಿಗೆ ಊಟಕ್ಕೆ ಬಂದ ರೇಣವ್ವ ಒಂದು ಸುದ್ದಿ ತಂದಿದ್ದಳು. ರೇಣವ್ವ ಬೈರಿದೇವರಕೊಪ್ಪದವಳು. ಮೂವತ್ತು ವರ್ಷ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಕೇಶ್ವಾಪುರಕ್ಕೆ ನಡೆದುಬಂದು ಮನೆಮನೆಗೆ ಹಾಕಿದವಳು. ಎಮ್ಮೆಗಳನ್ನು ಕೊಟ್ಟು ಮೊಸರು ಮಾರುವುದು ನಿಲ್ಲಿಸಿ ಐದು ವರ್ಷವಾಗಿತ್ತು, ಅಕ್ಕೋರ ಮನೆಗೆ ಬಂದುಹೋಗುವ ಬಳಕೆ ನಿಂತಿರಲಿಲ್ಲ. ಹೊಲದಲ್ಲಿ ಜೋಳ ಹಾಲುಗಾಳಾಗುತ್ತಿದೆ, ಜನವರಿಯಲ್ಲಿ ಹದಿನೈದಿಪ್ಪತ್ತು ದಿನ ಸೀತನಿ ಸಿಗುತ್ತದೆ, ಈ ಸಲವಾದರೂ ಬರಬೇಕು ಎಂದು ಅವಳು ಕರೆದಳು.

ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಒಂದು ಚೂರು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುವ ಆ ಸೀತನಿ ಅಕ್ಕೋರ ಪಾಲಿಗೆ ಎರಡನೆಯ ಕ್ರಿಸ್‌ಮಸ್ಸು. ನಿವೃತ್ತಿಯಾದಾಗಿನಿಂದ ಪ್ರತಿ ಜನವರಿ ರೇಣವ್ವನ ಹೊಲಕ್ಕೆ ನಡೆದುಹೋಗಿ ತಿಂದು ಬರುತ್ತಿದ್ದರು. ಹೋದ ವರ್ಷ ಒಂದೇ ತಪ್ಪಿತ್ತು. ಕೆಂಡದ ಪಕ್ಕದಿಂದ ಬಾಯಿಗೆ ಬರಬೇಕು. ಡಬ್ಬಿಯಲ್ಲಿ ಮನೆಗೆ ಬಂದರೆ ಅದು ಬರೀ ಜೋಳ. ದಾರಿ ಏನೂ ಘಾಟಿಯಲ್ಲ. ಹೊಸ ಬಡಾವಣೆಯ ಕೊನೆಯ ತನಕ ಆಟೋ ಹೋಗುತ್ತದೆ. ಅಲ್ಲಿಂದ ಮುಂದೆ ಮುಕ್ಕಾಲು ಕಿಲೋಮೀಟರು, ಗರಸು ಹಾಕಿ ಗಟ್ಟಿ ಮಾಡಿದ ಬಂಡಿದಾರಿ, ಅಂಗೈಯಂತೆ ಸಪಾಟು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಕರುಣಾಗೆ ಎರಡನೆಯ ಶನಿವಾರ ರಜೆ. ಅವತ್ತು ತಾಯಿ ಮಗಳು ಹೋದರು. ಅಕ್ಕೋರು ಕೋಲೂರಿ ಇಳಿದರು, ಮಗಳ ಕೈ ಕೊಡವಿದರು, ಹನ್ನೆರಡು ಹೆಜ್ಜೆ ಇಟ್ಟರು, ನಿಂತರು. ಮುಂದೆ ಹೋಗಲಾರರು, ಹಿಂದೆ ಬರಲಾರರು, ಹಿಡಿ ಎನ್ನಲಾರರು. ಕಾಲು ಗಂಟೆ ಹಾಗೆ ನಿಂತಿದ್ದು ಬೆವರಿದ ಮೇಲೆ ಕರುಣಾ ಕೇಳದೆ ಎತ್ತಿಕೊಂಡಂತೆಯೇ ತಂದು ಆಟೋದಲ್ಲಿ ಕೂಡಿಸಿದಳು.

ಮನೆಗೆ ಬಂದು ಕರುಣಾ ತೀರ್ಮಾನ ಹೇಳಿದಳು. ನಾಲ್ಕನೆಯ ಶನಿವಾರ ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಆದರೆ ಇನ್ನು ಹೊರಗೆ ಹೆಜ್ಜೆ ಇಡುವ ಮಾತು ಬೇಡ. ಚರ್ಚಿನಲ್ಲಿ ಒಂದು ಗಾಲಿಕುರ್ಚಿ ಸುಮ್ಮನೆ ಬಿದ್ದಿದೆ, ಕೇಳಿ ತರುತ್ತೇನೆ, ಎಲ್ಲಿಗೆ ಹೋದರೂ ಅದರಲ್ಲೇ. ಅಕ್ಕೋರು ತಕ್ಷಣ ಬ್ಯಾಂಕಿನ ಕೌಂಟರಿನ ಹಿಂದಿನ ಕರುಣಾಳಾಗಿ, ಕನ್ನಡಕ ಮೂಗಿನ ತುದಿಗಿಳಿಸಿ, “ನಿಮ್ಮ ಅರ್ಜಿ ಮ್ಯಾನೇಜರ್ ಕಡೆ ಐತ್ರಿ, ನಾಳೆ ಬರ್ರಿ” ಎಂದರು. ಕರುಣಾ ನಗಲಿಲ್ಲ. ಮಗಳು ನಗದಿದ್ದಾಗ ಅಕ್ಕೋರಿಗೆ ಮೊದಲ ಬಾರಿ ಹೆದರಿಕೆಯಾಯಿತು.

ನಾಲ್ಕನೆಯ ಶನಿವಾರ ಬೆಳಿಗ್ಗೆ ಬಡಾವಣೆಯ ಕೊನೆಯಲ್ಲಿ ಆಟೋ ನಿಂತಾಗ ರೇಣವ್ವ ಕಾಯುತ್ತಿದ್ದಳು. ಅವಳ ಪಕ್ಕ ಕಲ್ಲಿನ ಮೇಲೆ ಹಳೆಯ ಮಣ್ಣಿನ ಗಡಿಗೆ, ಅದರ ಬಾಯಿಗೆ ಬಿಳಿಯ ಬಟ್ಟೆ, ಒಳಗೆ ಸೀತನಿಗೆಂದು ಊರಲ್ಲಿ ಕೊಂಡ ಅರ್ಧ ಗಡಿಗೆ ಮೊಸರು. ಆಟೋದ ಹಿಂದಿನಿಂದ ಕರುಣಾ ಇಳಿಸಿದ್ದು ಮಡಿಸಿದ ಗಾಲಿಕುರ್ಚಿ. ಅವಳು ಮುಂಗಡವಾಗಿಯೇ ತಂದುಬಿಟ್ಟಿದ್ದಳು. ಅಕ್ಕೋರು ಅದನ್ನು ನೋಡಿಯೂ ನೋಡದವರಂತೆ ಇಳಿದು, ಕೋಲೂರಿ, ಎಣಿಸಿ ಎಂಟು ಹೆಜ್ಜೆ ನಡೆದರು. ನಿಂತರು. ಹೋದ ಸಲಕ್ಕಿಂತ ನಾಲ್ಕು ಕಮ್ಮಿ. ಹಿಂದೆ ಕುರ್ಚಿ ಬಿಚ್ಚಿದ ಸದ್ದು ಕಟಕ್ ಎಂದು ಕೇಳಿತು.

ರೇಣವ್ವ ಎದುರಿಗೆ ಬಂದು ನಿಂತು, ಅಕ್ಕೋರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಕ್ಕೋರ, ನಿಮ್ಮ ಹಂಗ ನಡೀಬ್ಯಾಡ್ರಿ. ನನ್ನ ಹಂಗ ನಡೀರಿ.”

“ನಿನ್ನ ಹಂಗ ಅಂದ್ರ?”

“ಗ್ಯಾದರಿಂಗಿನ್ಯಾಗ ಮಾಡಿ ತೋರಸ್ತಿದ್ರಲ್ಲ, ಹಂಗ.”

ಅಕ್ಕೋರ ಮುಖದ ರಕ್ತ ಕಿವಿಗೆ ಹತ್ತಿತು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಶಿಕ್ಷಕರ ಮನರಂಜನೆ ಎಂದರೆ ಗ್ರೇಸ್ ಅಕ್ಕೋರ ಮೊಸರವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೆ ಖಾಲಿ ಕೊಡ ಇಟ್ಟು, ಕತ್ತು ಬಿಗಿ, ಎದೆ ಮುಂದು, ಒಂದು ಕೈ ಗಡಿಯಾರದ ಲೋಲಕದಂತೆ ಬೀಸುತ್ತ ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದರೆ ಮಕ್ಕಳು ಬೆಂಚು ಬಡಿದು ನಗುತ್ತಿದ್ದರು. ಅದೇ ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆಗೆ ನಿಂತು ಆಭಾರ ಮನ್ನಿಸುವವರೂ ಅಕ್ಕೋರೇ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಮೈಕಿನವನಿಗೆ, ಶಾಮಿಯಾನದವನಿಗೆ ಎಲ್ಲರಿಗೂ ಆಭಾರ. ಭಾರ ಹೊತ್ತವಳ ಹೆಸರು ಒಂದು ವರ್ಷವೂ ಆ ಪಟ್ಟಿಯಲ್ಲಿ ಬಂದಿರಲಿಲ್ಲ. ಮಕ್ಕಳ ಊಟಕ್ಕೆ ಮಜ್ಜಿಗೆ ತಂದು ಹಾಕಿ ರೇಣವ್ವ ಹಿಂದಿನ ಬಾಗಿಲ ಬಳಿ ನಿಂತು ಪ್ರತಿ ವರ್ಷ ಅದನ್ನು ನೋಡುತ್ತಿದ್ದಳಂತೆ. ಈಗ ಹೇಳುತ್ತಿದ್ದಾಳೆ.

ತಪ್ಪಾತು ರೇಣವ್ವ ಎಂದು ಅಕ್ಕೋರು ತೊದಲಿದರು. ರೇಣವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದೇ ಒಂದು ತಪ್ಪಿತ್ತು, ಅದೂ ತಲೆಯ ಮೇಲಿನ ಕೊಡದ್ದು, ಎಂದಳು. ಖಾಲಿ ಕೊಡ ತಲೆಯ ಮೇಲೆ ನಿಲ್ಲುವುದಿಲ್ಲ, ಅಲ್ಲಾಡುತ್ತದೆ. ಅದಕ್ಕೇ ಅಕ್ಕೋರು ಒಂದು ಕೈಯಿಂದ ಅದನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು. ಒಳಗೆ ತುಸು ಭಾರ ಇರಬೇಕು. ಭಾರ ಇದ್ದರೆ ಕತ್ತು ತಾನೇ ನೆಟ್ಟಗಾಗುತ್ತದೆ, ಕತ್ತು ನೆಟ್ಟಗಾದರೆ ಕಣ್ಣು ದೂರ ನೋಡುತ್ತದೆ, ಕಣ್ಣು ದೂರ ಇದ್ದರೆ ಕಾಲಿಗೆ ತಾನು ಎಲ್ಲಿದ್ದೇನೆ ಎಂಬ ಚಿಂತೆಯೇ ಬರುವುದಿಲ್ಲ. ಮೂವತ್ತು ವರ್ಷದಲ್ಲಿ ನಾನು ಒಂದು ದಿನವೂ ನೆಲ ನೋಡಿಲ್ಲ, ನೋಡಿದ್ದರೆ ಮೊಸರು ನೆಲಕ್ಕೇ ಹೋಗುತ್ತಿತ್ತು, ಎಂದಳು.

ಕರುಣಾ ಅಡ್ಡಬಂದಳು. ಸೊಂಟದ ಕೀಲು ಹೊಸದು, ಡಾಕ್ಟರು ಕೇಳಿದರೆ ಏನೆನ್ನುತ್ತಾರೆ, ಬಿದ್ದರೆ ಯಾರು ಹೊಣೆ. ಅಷ್ಟರಲ್ಲಿ ರೇಣವ್ವ ಹಳೆಯ ಸೀರೆಯ ತುಂಡು ಸುತ್ತಿ ಮಾಡಿದ ಸಿಂಬಿಯನ್ನು ಅಕ್ಕೋರ ನೆತ್ತಿಯ ಮೇಲೆ ಕೂಡಿಸಿಯಾಗಿತ್ತು. ಗಡಿಗೆ ಎತ್ತುವಾಗ ಕರುಣಾಗೇ ಹೇಳಿದಳು.

“ತಂಗಿ, ಒಂದೀಟು ಕೈ ಹಚ್ಚವಾ.”

ಹೊರೆ ಹೊತ್ತವರು ಕರೆದರೆ ದಾರಿಯಲ್ಲಿ ಹೋಗುವವರು ಯಾರಿದ್ದರೂ ಕೈ ಹಚ್ಚಿ ಏರಿಸಬೇಕು, ಇಳಿಸಬೇಕು. ಅದಕ್ಕೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಬೈಯುತ್ತ ಬಂದ ಕರುಣಾಳ ಕೈಗಳು ಆ ಕರೆಗೆ ತಾವಾಗಿ ಗಡಿಗೆಗೆ ಹತ್ತಿದವು. ಗಡಿಗೆ ಏರಿತು.

ಅಕ್ಕೋರು ಒಂದು ಕ್ಷಣ ಕಣ್ಣು ಮುಚ್ಚಿದರು. ತೆರೆದಾಗ ಅವರು ಗ್ರೇಸ್ ಆಗಿರಲಿಲ್ಲ. ಕತ್ತು ಬಿಗಿಯಿತು, ಎದೆ ಮುಂದೆ ಬಂತು, ಬಲಗೈ ಕೋಲನ್ನು ರೇಣವ್ವನಿಗೆ ಕೊಟ್ಟು ಬೀಸತೊಡಗಿತು. ವೇದಿಕೆಯ ಮೇಲೆ ಅಷ್ಟು ವರ್ಷ ನಡೆದ ನಡಿಗೆ ಸೊಂಟದ ಹೊಸ ಕೀಲಿಗೆ ಗೊತ್ತಿರಲಿಲ್ಲ ನಿಜ. ಉಳಿದ ಮೈಗೆಲ್ಲ ಬಾಯಿಪಾಠ ಇತ್ತು. ಹೆಜ್ಜೆ ಒಂಬತ್ತಾಯಿತು, ಹನ್ನೆರಡಾಯಿತು, ಹದಿಮೂರು ದಾಟಿತು. ಆಮೇಲೆ ಎಣಿಕೆ ಮರೆತುಹೋಯಿತು.

ಎಣಿಕೆ ಮರೆತದ್ದಕ್ಕೆ ಕಾರಣ ಇತ್ತು. ವರ್ಷದಿಂದ ತಮ್ಮ ಹೆಬ್ಬೆರಳನ್ನು ಬಿಟ್ಟು ಬೇರೇನೂ ನೋಡದ ಅಕ್ಕೋರಿಗೆ ಒಮ್ಮೆಲೇ ಇಡೀ ಬಯಲು ಕಂಡಿತ್ತು. ಎಡಕ್ಕೆ ಜೋಳ, ಆಳೆತ್ತರ, ತೆನೆಗಳ ಮೇಲೆ ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ದನ ನುಗ್ಗದಂತೆ ಹೊಲದ ಅಂಚಿಗೆ ಹಾಕಿದ ಮುಳ್ಳುಮುಳ್ಳಿನ ಕುಸುಬೆ ಹಳದಿ ಹೂ ಬಿಟ್ಟಿತ್ತು. ಬಲಕ್ಕೆ ಕಡಲೆ, ಅದರ ಹುಳಿ ವಾಸನೆ ಗಾಳಿಯಲ್ಲೇ ನಾಲಗೆಗೆ ತಾಗುತ್ತಿತ್ತು. ಕಪ್ಪು ಎರೆಮಣ್ಣಿನ ಮೇಲೆ ಬೆಳ್ಳಕ್ಕಿಗಳು ಪರೀಕ್ಷಾ ಮೇಲ್ವಿಚಾರಕರಂತೆ ಸಾಲುಗಳ ನಡುವೆ ಓಡಾಡುತ್ತಿದ್ದವು. ದೂರದಲ್ಲಿ ಹೆದ್ದಾರಿಯ ಲಾರಿಗಳು ಬೆಂಕಿಪೊಟ್ಟಣದಷ್ಟಾಗಿ ಸದ್ದಿಲ್ಲದೆ ಧಾರವಾಡದ ಕಡೆ ಹರಿಯುತ್ತಿದ್ದವು. ಸ್ತೋತ್ರ, ಎಂದುಕೊಂಡರು ಅಕ್ಕೋರು. ದಿನಾ ರಾತ್ರಿ ಮನೆಪ್ರಾರ್ಥನೆಯಲ್ಲಿ ದೇವರಿಗೆ ಉಪಕಾರಗಳ ಪಟ್ಟಿ ಒಪ್ಪಿಸಿ ಹೇಳುವ ಸ್ತೋತ್ರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇದು ಕೆಮ್ಮಿನ ಹಾಗೆ ತಾನಾಗಿ ಬಂದದ್ದು.

ಖುಷಿ ಹೆಚ್ಚಾದರೆ ಅಕ್ಕೋರ ಗಂಟಲು ಸುಮ್ಮನಿರುವುದಿಲ್ಲ. ನಡಿಗೆ ರೇಣವ್ವನದು, ಗಡಿಗೆ ರೇಣವ್ವನದು, ದನಿ ಒಂದು ಯಾಕೆ ಬಾಕಿ ಇರಬೇಕು. “ಮೊಸರ ಬೇಕೇನ್ರೀ ಮೊಸರss” ಎಂದು ಮೂವತ್ತು ವರ್ಷ ಕೇಶ್ವಾಪುರವನ್ನು ಎಬ್ಬಿಸಿದ ಆ ಕೂಗನ್ನು ಇದ್ದಕ್ಕಿದ್ದಂತೆ ಬಯಲಿಗೆ ಬಿಟ್ಟರು.

ಹೊಲಗಳ ನಡುವೆ ಯಾರೋ ಅವಸರಪಟ್ಟು ಕಟ್ಟಿದ ಎರಡಂತಸ್ತಿನ ಮನೆಯೊಂದು ಒಂಟಿಯಾಗಿ ನಿಂತಿತ್ತು. ಅದರ ಬಾಗಿಲು ತೆರೆದು, ಕೈಯಲ್ಲಿ ಸ್ಟೀಲಿನ ಪಾತ್ರೆ ಹಿಡಿದು, ನೈಟಿಯ ಮೇಲೆ ದುಪಟ್ಟಾ ಎಳೆದುಕೊಳ್ಳುತ್ತ ಒಬ್ಬ ಎಳೆಯ ಹೆಣ್ಣುಮಗಳು ಓಡಿಬಂದಳು. ಸುಕನ್ಯಾ ಎಂದು ಹೆಸರು ಹೇಳಿಕೊಂಡಳು. ಈ ಮನೆಗೆ ಬಂದು ಎಂಟು ತಿಂಗಳಾಯಿತು, ಬಾಗಿಲಿಗೆ ಯಾವ ಮಾರಾಟದವರೂ ಬಂದಿಲ್ಲ, ದಿನಾ ಬರುತ್ತೀರಾ ಎಂದು ಉಸಿರು ಬಿಡದೆ ಕೇಳಿದಳು.

ಅಕ್ಕೋರು ಸಿಕ್ಕಿಬಿದ್ದರು. ಮೊಸರು ಮಾರುವುದಕ್ಕಲ್ಲ, ಸೀತನಿಗೆ ಅಂತ ಹೇಳೋಣ ಎಂದು ರೇಣವ್ವನ ಕಡೆ ಕಣ್ಣು ಹೊರಳಿಸಿದರು. ಕತ್ತು ಹೊರಳುವ ಹಾಗಿರಲಿಲ್ಲ. ರೇಣವ್ವ ಒಪ್ಪಲಿಲ್ಲ. ಕೂಗಿದ ಮೇಲೆ ಪಾತ್ರೆ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಕೂಗಿದವರು ಹಾಕಲೇಬೇಕು. ಸುಕನ್ಯಾಳಿಗೇ ಕೈ ಹಚ್ಚಲು ಹೇಳಿ ಗಡಿಗೆ ಇಳಿಸಿ, ಪಾತ್ರೆ ತುಂಬಿಸಿ, ದುಡ್ಡು ತೆಗೆದುಕೊಳ್ಳದೆ, ಮೊದಲ ಸಲದ್ದು ಹೀಗೇ ಎಂದು ಹೇಳಿ, ಮತ್ತೆ ಇಬ್ಬರೂ ಕೂಡಿ ಗಡಿಗೆ ಏರಿಸಿದರು.

ತಲೆಯಿಂದ ಭಾರ ಇಳಿದ ಆ ಎರಡು ನಿಮಿಷದಲ್ಲಿ ಅಕ್ಕೋರ ಕತ್ತಿನ ಹಿಂಭಾಗದಲ್ಲಿ ಏನೋ ಸಡಿಲಾಯಿತು, ಕಣ್ಣಿಗೆ ಸಣ್ಣ ಕತ್ತಲೆ ಬಂದು ಹೋಯಿತು. ಇದು ಅರ್ಧ ಗಡಿಗೆ, ಅರ್ಧ ದಾರಿ. ಇವಳದು ತುಂಬಿದ ಗಡಿಗೆ, ಬೈರಿದೇವರಕೊಪ್ಪದಿಂದ ಕೇಶ್ವಾಪುರ, ಮಳೆಗಾಲವೂ ಸೇರಿ.

“ಎಲ್ಲಾ ಮನ್ಯಾಗೂ ಹಿಂಗ ಇಳಸ್ತಿದ್ರೇನ ರೇಣವ್ವ?”

“ಎಲ್ಲಿದ್ರಿ. ಗಡಿಗಿ ಮುಟ್ಟಾಕ ಹೇಸೋರು, ಹೊತ್ತಿಲ್ಲಂತ ಬಾಗಲಾ ಹಾಕ್ಕೊಳ್ಳೋರು. ನಿಮ್ಮನ್ಯಾಗ ಒಂದ ದಿನಾನೂ ಎರಡನೇ ಸಲ ಕರದಿಲ್ಲ ನಾ. ನೀವು ಸಾಲಿಗೆ ಹೊತ್ತಾದ್ರೂ ಬಂದು ಕೈ ಹಚ್ಚೀರಿ. ನನ್ನ ನಕಲಿ ಮಾಡಿದ್ದು ಅದ್ರಾಗ ವಜಾ ಆಗೇತಿ ಬಿಡ್ರಿ.”

ಅಕ್ಕೋರಿಗೆ ಅದು ನೆನಪೇ ಇರಲಿಲ್ಲ. ಬಾಯಲ್ಲಿ ಬ್ರಶ್ ಇದ್ದಾಗ, ತಲೆಗೆ ಎಣ್ಣೆ ಹಚ್ಚುವಾಗ, ಕರುಣಾಗೆ ಜಡೆ ಹಾಕುವಾಗ, ಬಾಗಿಲಿನಿಂದ ಕರೆ ಬಂದರೆ ಎದ್ದುಹೋಗಿ ಕೈ ಹಚ್ಚಿದ್ದು ಅವರ ಲೆಕ್ಕದಲ್ಲಿ ಕೆಲಸವೇ ಆಗಿರಲಿಲ್ಲ. ಅವರು ಕತ್ತು ಬಿಗಿದು ಮುಂದೆ ನಡೆದರು.

ಹೊಲದ ಬದುವಿಗೆ ಮುಟ್ಟಿದಾಗ ರೇಣವ್ವ ಮುಂದೆ ಹೋಗಿ ಜೋಳದ ನಡುವೆ ಮರೆಯಾದಳು. ಅವಳ ಗಂಡ ಗಂಗಪ್ಪ ಬೇವಿನ ಮರದ ಕೆಳಗೆ ತಗ್ಗು ತೋಡಿ ಕುಳ್ಳು ಒಟ್ಟಿ, ಬೆನ್ನು ತಿರುಗಿಸಿ ಕುಳಿತು ಬೆಂಕಿ ಹತ್ತಿಸಲು ಊದುತ್ತಿದ್ದ. ಗಾಲಿಕುರ್ಚಿ ತಳ್ಳಿಕೊಂಡು ಹಿಂದೆ ಬರುತ್ತಿದ್ದ ಕರುಣಾ ಸುಕನ್ಯಾಳ ಮಾತಿಗೆ ಸಿಕ್ಕಿ ಇನ್ನೂ ಐವತ್ತು ಮಾರು ದೂರದಲ್ಲಿದ್ದಳು. ಮರದ ಬುಡದಲ್ಲಿ ಅಕ್ಕೋರು ನಿಂತರು. ತಲುಪಿದ್ದರು. ತಮ್ಮ ಕಾಲ ಮೇಲೆ, ಸೀತನಿ ಸುಡುವ ತಗ್ಗಿನ ಪಕ್ಕಕ್ಕೇ. ಆದರೆ ತಲೆಯ ಮೇಲೆ ಗಡಿಗೆ. ಒಬ್ಬರೇ ಇಳಿಸಲು ಹೋದರೆ ಮೊಸರು ಮೈಮೇಲೆ. ಬಗ್ಗಿದರೆ ಹೊಸ ಕೀಲು ಏನೆನ್ನುತ್ತದೋ. ಈಗ ನಿಂತದ್ದರಿಂದ ಕಾಲೂ ನಡುಗತೊಡಗಿತ್ತು.

ಮೊದಲು ರೇಣವ್ವನ ದನಿಯನ್ನೇ ಎತ್ತಿಕೊಂಡರು. “ಯವ್ವಾ, ಒಂದೀಟು ಕೈ ಹಚ್ರೀ.”

ಕುಳ್ಳು ಊದುತ್ತಿದ್ದ ಗಂಗಪ್ಪ ತಿರುಗದೆಯೇ ಹೆಂಡತಿಗೆ ಉತ್ತರ ಕೊಟ್ಟ. “ಬೆಂಕಿ ಹತ್ತವಲ್ದು, ನಾ ಎಲ್ಲಿ ಬರ್ಲಿ. ನೀನ ಇಳಸ್ಕೋ, ಹೊಸದೇನ ನಿನಗ.”

ಜೋಳದ ಮರೆಯಿಂದ ರೇಣವ್ವ ಕಿಸಕ್ಕೆಂದು ನಕ್ಕದ್ದು ಕೇಳಿತು. ಅವಳು ಅಲ್ಲೇ ಇದ್ದಳು, ನಾಲ್ಕು ಮಾರು ದೂರ. ಬರಲಿಲ್ಲ. ಅವಳು ಯಾಕೆ ಬರುತ್ತಿಲ್ಲ ಎಂಬುದು ಅಕ್ಕೋರಿಗೆ ತಿಳಿಯಿತು. ಮೂವತ್ತು ವರ್ಷ ಬಾಗಿಲಲ್ಲಿ ನಿಂತು ಕೇಳಿದವಳು, ಇವತ್ತು ಕೇಳಿಸಿಕೊಳ್ಳಲು ನಿಂತಿದ್ದಾಳೆ. ಗಡಿಗೆಯೊಳಗಿನ ಮೊಸರು ತುಳುಕಿದ್ದು ನೆತ್ತಿಗೆ ಗೊತ್ತಾಯಿತು.

“ರೇಣವ್ವ,” ಎಂದರು ಅಕ್ಕೋರು. ದನಿ ಒಡೆದಿತ್ತು, ಸಣ್ಣದಾಗಿತ್ತು, ಯಾರದೂ ಆಗಿರಲಿಲ್ಲ. “ನನಗ ಆಗವಲ್ದು. ಬಾ, ಹಿಡಿ.”

ಮಾತು ಮುಗಿಯುವ ಮೊದಲೇ ಜೋಳ ಸರಿದು ಎರಡು ಕೈ ಗಡಿಗೆಗೆ ಬಂದವು.

ಗಡಿಗೆ ಇಳಿದ ಮೇಲೂ ಅಕ್ಕೋರು ಆ ಕೈ ಬಿಡಲಿಲ್ಲ. ಅದನ್ನು ಹಿಡಿದುಕೊಂಡೇ ತಿರುಗಿ ನೋಡಿದರು. ಓಡುತ್ತ ಬಂದ ಕರುಣಾ, ಅವಳ ಮುಂದೆ ಗರಸಿನ ಮೇಲೆ ಗಡಗಡ ಬರುತ್ತಿದ್ದ ಕುರ್ಚಿ. ಈ ಸಪಾಟು ದಾರಿಯಲ್ಲಿ ಅದು ಎಷ್ಟು ಸಲೀಸಾಗಿ ಬಂದಿತ್ತು.

“ಕರುಣಾ, ಕುರ್ಚಿ ಇತ್ತಾಗ ತಾ. ಕುಂದರ್ತೇನಿ.”

ಕರುಣಾ ನಿಂತಲ್ಲೇ ನಿಂತಳು. ಅವಳ ಹುಟ್ಟಿನಿಂದ ಇದುವರೆಗೆ ತಾಯಿ ಅವಳಿಂದ ಏನನ್ನೂ ಹೀಗೆ ಕೇಳಿರಲಿಲ್ಲ. ಆಮೇಲೆ ಕುರ್ಚಿ ತಂದು, ಬ್ರೇಕು ಹಾಕಿ, ತಾಯಿಯನ್ನು ಕೂಡಿಸಿ, ಮುಖ ಆ ಕಡೆ ತಿರುಗಿಸಿ ದುಪಟ್ಟಾದಿಂದ ಮೂಗು ಒರೆಸಿಕೊಂಡಳು. ಹೊಗೆ ಬಹಳ ಆಯಿತು ಮಮ್ಮಿ ಎಂದಳು. ಬೆಂಕಿ ಇನ್ನೂ ಹತ್ತಿರಲೇ ಇಲ್ಲ.

ಹತ್ತಿದ ಮೇಲೆ ಗಂಗಪ್ಪ ತೆನೆ ಸುಟ್ಟ, ಗೋಣಿಯ ಮೇಲೆ ತಿಕ್ಕಿದ, ರೇಣವ್ವ ಮೊರದಲ್ಲಿ ಹಾಕಿ ಹೊಟ್ಟು ಊದಿದಳು. ಹಸಿರು ಕಾಳು ಹಬೆಯಾಡುತ್ತ ಅಕ್ಕೋರ ಬೊಗಸೆಗೆ ಮೊದಲು ಬಂತು. ಬಾಯಿಗೆ ಹಾಕಿಕೊಂಡರೆ ಹಾಲು, ಹೊಗೆ, ಸಿಹಿ. ಎರಡು ವರ್ಷದ ಪಾಲು ಒಟ್ಟಿಗೆ ತಿಂದರು. ಗಂಗಪ್ಪ ತಾನು ಯಾರಿಗೆ ಉತ್ತರ ಕೊಟ್ಟೆ ಎಂದು ತಿಳಿದು ನಾಚಿ, ಅಕ್ಕೋರಿಗೆ ಮತ್ತೆ ಮತ್ತೆ ಬಡಿಸಿದ.

ಹೊರಡುವಾಗ ಖಾಲಿ ಗಡಿಗೆ ಹೊತ್ತುಹೋಗುವುದು ಬೇಡ ಎಂದು ರೇಣವ್ವ ಅದಕ್ಕೆ ಸೀತನಿ ತುಂಬಿದಳು. ಏರಿಸಲು ಕೈ ಚಾಚಿದವಳನ್ನು ಅಕ್ಕೋರು ತಡೆದು, ಕುರ್ಚಿಯಿಂದ ಎದ್ದು, ಅದರ ಹಿಡಿಕೆ ಹಿಡಿದು ನಿಂತರು. ವಾಕರಿಗಿಂತ ಛಲೋ ಇತ್ತು ಹಿಡಿಕೆ.

“ನೀ ಕುಂದರು.”

ರೇಣವ್ವ ಹೌಹಾರಿದಳು. ಮಂದಿ ನೋಡಿದರೆ ಏನೆಂದಾರು, ಅಕ್ಕೋರು ತಳ್ಳುವುದು, ನಾನು ಕೂಡುವುದು, ಶಕ್ಯವೇ ಇಲ್ಲ ಎಂದಳು. ಅಕ್ಕೋರು ತರಗತಿಯ ದನಿ ತೆಗೆದರು. ಆ ದನಿಗೆ ಎದುರಾಡುವುದು ಹುಬ್ಬಳ್ಳಿಯಲ್ಲಿ ಇದುವರೆಗೆ ಯಾರಿಗೂ ಆಗಿಲ್ಲ. ರೇಣವ್ವ ಸೆರಗು ಬಿಗಿದು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿಗೆ ಅಂಚಾಗಿ ಕುಳಿತಳು. ಕತ್ತು ಮಾತ್ರ ರೂಢಿಯಂತೆ ನೆಟ್ಟಗೆ.

ಗ್ಯಾದರಿಂಗಿನ ಲೆಕ್ಕದಲ್ಲಿ ಈಗ ಆಭಾರ ಮನ್ನಿಸುವ ಹೊತ್ತು. ಅಕ್ಕೋರು ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದರು. ಕರುಣಾಗೆ ಪಕ್ಕದಲ್ಲಿ ಇರು ಎಂದು ಕಣ್ಣಲ್ಲೇ ಹೇಳಿ, ದೂರದ ಲಾರಿಗಳ ಕಡೆ ಮುಖಮಾಡಿ ತಳ್ಳಿದರು. ಕುರ್ಚಿ ಹೊರಟಿತು. ಒಂಟಿ ಮನೆಯ ಹತ್ತಿರ ಬಂದಾಗ ಕುರ್ಚಿಯಲ್ಲಿ ಕುಳಿತವಳು ತಡೆದುಕೊಳ್ಳಲಾರದೆ, ತನ್ನ ಸ್ವಂತ ದನಿಯಲ್ಲಿ, ಸೀತನಿ ಬೇಕೇನ್ರೀ ಎಂದು ಕೂಗಿದಳು. ಬಾಗಿಲು ತೆರೆಯಿತು.